ಜರ್ಮನಿಗೆ ಎಂ.ಎಸ್.: ಭಾಷೆ ಮೊದಲೋ, ವಿಮಾನ ಮೊದಲೋ? ಅನುಭವ ಇದ್ದವರು ತಿಳಿಸಿ

ಆರನೇ ಸೆಮಿಸ್ಟರ್, ಹಾಸನ: ವಿಟಿಯು, ಮೆಕ್ಯಾನಿಕಲ್, ಸಿಜಿಪಿಎ 7.4. ಜರ್ಮನಿಯಲ್ಲಿ ಇಂಗ್ಲಿಷ್ ಮಾಧ್ಯಮದ ಎಂ.ಎಸ್. ಕೋರ್ಸಿಗೆ ಅರ್ಜಿ ಹಾಕಬೇಕೆಂದಿದ್ದೇನೆ. ಜರ್ಮನ್ ಭಾಷೆಯ ಮೊದಲ ಹಂತ ಎ1 ಮುಗಿಸಿ ಹೊರಡಲೇ, ಒಂದು ವರ್ಷ ತಡವಾದರೂ ಮೂರನೇ ಹಂತ ಬಿ1 ಮುಗಿಸಲೇ? ನನ್ನ ಅಂಕ ಸಾಕೇ? ಅಪ್ಪ ಸಾಲ ಮಾಡಬೇಕಾಗುತ್ತದೆ.

ಸ್ಯಾಕ್ಸನಿಯಲ್ಲಿ ಹುಬ್ಬಳ್ಳಿಯವ: ತಮ್ಮ, ‘ಅಲ್ಲಿ ಓದು ಉಚಿತ’ ಎಂದು ಹೇಳಿದವರನ್ನು ಮೊದಲು ದೂರ ಇಡು. ನಾನು ಬಂದದ್ದು 2023ರಲ್ಲಿ. ನಮ್ಮ ಅಂಕಪಟ್ಟಿ ಅಸಲಿ ಎಂದು ಪರಿಶೀಲಿಸಿ ಕೊಡುವ ಎಪಿಎಸ್ ಪ್ರಮಾಣಪತ್ರಕ್ಕೆ 18,000 ರೂಪಾಯಿ. ವೀಸಾಕ್ಕೆ 75 ಯೂರೋ. ಅಲ್ಲಿನ ಖರ್ಚಿಗೆ ಹಣವಿದೆ ಎಂದು ತೋರಿಸಲು ಮೊದಲೇ ಕಟ್ಟಿಡುವ ಬ್ಲಾಕ್ಡ್ ಅಕೌಂಟಿಗೆ ಆಗ 11,208 ಯೂರೋ, ಅಂದರೆ ಹತ್ತು ಲಕ್ಷದ ಮೇಲೆ. ಮನೆಯ ಪತ್ರ ಬ್ಯಾಂಕಿನಲ್ಲಿ ಇಟ್ಟೆವು. ಅದು ನಮ್ಮದೇ ಹಣ, ಆದರೆ ತಿಂಗಳಿಗೆ 934 ಯೂರೋ ಮಾತ್ರ ಬಿಡುತ್ತಿದ್ದರು. ಅದೂ ಇಲ್ಲಿ ಬ್ಯಾಂಕ್ ಖಾತೆ ತೆರೆದ ಮೇಲೆ. ಖಾತೆಗೆ ವಿಳಾಸದ ನೋಂದಣಿ ಕೇಳಿದರು, ನೋಂದಣಿಗೆ ಮನೆ ಮಾಲೀಕರ ಸಹಿ ಬೇಕು, ನನಗೆ ಮನೆಯೇ ಇರಲಿಲ್ಲ. ಇಪ್ಪತ್ತಮೂರು ದಿನ ಸೀನಿಯರ್ ಒಬ್ಬರ ಕೋಣೆಯ ನೆಲದ ಮೇಲೆ ಮಲಗಿ, ಅಮ್ಮ ಕಟ್ಟಿಕೊಟ್ಟ ಶೇಂಗಾ ಚಟ್ನಿಪುಡಿ, ಬ್ರೆಡ್ಡು ತಿಂದೆ. ನನ್ನ ಬಳಿ ಇದ್ದದ್ದು ಎ1. ಪಾಠ ಇಂಗ್ಲಿಷಿನಲ್ಲಿ, ನಿಜ. ಕೆಲಸ ಕೊಡುವವನು ಇಂಗ್ಲಿಷಿನಲ್ಲಿ ಮಾತನಾಡುತ್ತಾನೆಯೇ? ಇಂಟರ್ನ್‌ಶಿಪ್‌ಗೆ 140 ಅರ್ಜಿ ಹಾಕಿದೆ. ಉತ್ತರ ಬಂದದ್ದು ಒಂಬತ್ತು, ಒಂಬತ್ತರಲ್ಲೂ ‘ಜರ್ಮನ್ ಬಿ2 ಕಡ್ಡಾಯ’. ಈಗ ಗೋದಾಮಿನಲ್ಲಿ ಪೆಟ್ಟಿಗೆ ಎತ್ತುತ್ತೇನೆ. ಎಂಜಿನಿಯರ್!

ತುಮಕೂರು–ಬೆಂಗಳೂರು ರೈಲು: ಎ1 ಹಿಡಿದು ಹೋದರೆ ಹಾಗೆಯೇ ಆಗುವುದು, ಬೇಸರ ಮಾಡಿಕೊಳ್ಳಬೇಡಿ. ನಾನು ಪದವಿ ಮುಗಿದ ಮೇಲೆ ಎರಡು ವರ್ಷ ಪ್ರತಿ ಶನಿವಾರ, ಭಾನುವಾರ ಬೆಳಗಿನ ರೈಲು ಹಿಡಿದು ಬೆಂಗಳೂರಿನ ತರಗತಿಗೆ ಹೋಗಿ ಬಿ2 ಮುಗಿಸಿದೆ. ಸುಲಭವಾಗಿ ಅಲ್ಲ. ಬಿ1ನಲ್ಲಿ ಓದುವುದು, ಬರೆಯುವುದು, ಮಾತು ಮೂರೂ ಪಾಸ್, ಕೇಳುವ ಭಾಗದಲ್ಲಿ ನೂರಕ್ಕೆ 56. ಬೇಕಿದ್ದದ್ದು 60. ಆ ಒಂದು ಭಾಗಕ್ಕೇ ಮತ್ತೆ ಶುಲ್ಕ ಕಟ್ಟಿದೆ. ಒಂದು ಮಾತು: ‘ವೈಲ್’ (ಏಕೆಂದರೆ) ಎಂಬ ಪದ ಬಂದರೆ ಜರ್ಮನ್ನಿನ ಕ್ರಿಯಾಪದ ವಾಕ್ಯದ ಕೊನೆಗೆ ಓಡುತ್ತದೆ. ತರಗತಿಯಲ್ಲಿ ಎಲ್ಲರೂ ಅದಕ್ಕೆ ತಲೆ ಚಚ್ಚಿಕೊಂಡರು. ಕನ್ನಡ ಶಾಲೆಯಲ್ಲಿ ಓದಿದ ನನಗೆ ಅದು ಮನೆಯ ಮಾತಿನಂತೆಯೇ ಇತ್ತು. ಈಗ ಸ್ಟುಟ್‌ಗಾರ್ಟ್‌ನಲ್ಲಿ ಕೆಲಸ.

ಸ್ಯಾಕ್ಸನಿಯಲ್ಲಿ ಹುಬ್ಬಳ್ಳಿಯವ: ಮೇಡಂ, ಎರಡು ವರ್ಷ ದುಡಿಮೆ ಇಲ್ಲದೆ ಕೂರಿಸಿ ಅನ್ನ ಹಾಕುವವರು ನಿಮಗಿದ್ದರು. ಎಲ್ಲರ ಮನೆಯಲ್ಲೂ ಇರುವುದಿಲ್ಲ.

ತುಮಕೂರು–ಬೆಂಗಳೂರು ರೈಲು: ಕೂತಿರಲಿಲ್ಲ ಸ್ವಾಮಿ. ವಾರದ ಐದು ದಿನ ಡಿಪ್ಲೊಮಾ ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದೆ, ಹದಿನಾಲ್ಕು ಸಾವಿರ ಸಂಬಳಕ್ಕೆ. ತಿಳಿಯದೆ ಮಾತನಾಡಬೇಡಿ. ಉಚಿತದ ಮಾತು ಬಂದಿತಲ್ಲ, ನಮ್ಮ ಬಾಡೆನ್-ವುರ್ಟೆಂಬರ್ಗ್ ರಾಜ್ಯದಲ್ಲಿ ಯುರೋಪ್ ಒಕ್ಕೂಟದ ಹೊರಗಿನವರಿಗೆ 2017ರಿಂದಲೇ ಸೆಮಿಸ್ಟರಿಗೆ 1,500 ಯೂರೋ ಶುಲ್ಕ. ಅದನ್ನೂ ನಾನೇ ಕಟ್ಟಿದ್ದು.

ಮರಳಿ ಮಂಡ್ಯ: ನೀವಿಬ್ಬರೂ ಅಲ್ಲೇ ಇದ್ದೀರಿ, ಜಗಳಕ್ಕೆ ಬಿಡುವಿದೆ. ನಾನು ಹಿಂದಿರುಗಿ ಬಂದವನು. ಭಾಷೆಯಿಂದಲ್ಲ, ಒಂದು ಪರೀಕ್ಷೆಯಿಂದ. ವಿಟಿಯುನಲ್ಲಿ ಬ್ಯಾಕ್ ಉಳಿದರೆ ಮುಂದಿನ ಸಲ ಬರೆಯೋಣ ಎನ್ನುತ್ತೇವಲ್ಲ, ಆ ಧೈರ್ಯದಲ್ಲೇ ಹೋದೆ. ಜರ್ಮನಿಯ ನಮ್ಮ ವಿಶ್ವವಿದ್ಯಾಲಯದಲ್ಲಿ ಮೂರು ಅವಕಾಶ ಮಾತ್ರ. ಕಂಟ್ರೋಲ್ ಥಿಯರಿಯಲ್ಲಿ ಮೂರನೇ ಸಲವೂ ಹೋಯಿತು, ಹೆಸರು ತೆಗೆದುಹಾಕಿದರು. ಬೇರೆ ಊರಿನಲ್ಲಿ ಅದೇ ಕೋರ್ಸಿಗೆ ಸೇರೋಣವೆಂದರೆ, ಒಮ್ಮೆ ಹೀಗಾದವರನ್ನು ಅದೇ ವಿಷಯಕ್ಕೆ ಸೇರಿಸಿಕೊಳ್ಳುವುದಿಲ್ಲವಂತೆ. ಹನ್ನೊಂದೂವರೆ ಲಕ್ಷ ಸಾಲ ಉಳಿದಿದೆ, ತಿಂಗಳ ಕಂತು 16,200. ಕನ್ಸಲ್ಟೆನ್ಸಿಯವರು ಈ ನಿಯಮ ಹೇಳಲೇ ಇಲ್ಲ, ಹಾರ ಹಾಕಿ ಫೋಟೊ ಮಾತ್ರ ತೆಗೆದರು.

ನಗೋಯಾದ ದಾವಣಗೆರೆ: ಎಲ್ಲರಿಗೂ ಜರ್ಮನಿಯೇ ಏಕೆ? ಜಪಾನಿ ಭಾಷೆಯ ವಾಕ್ಯದ ಕ್ರಮ ಪೂರ್ತಿ ಕನ್ನಡದ್ದೇ, ಕರ್ತೃ, ಕರ್ಮ, ಕೊನೆಗೆ ಕ್ರಿಯೆ. ಆದರೆ ಆ ಭಾಷೆಯ ಎನ್2 ಹಂತದ ಪರೀಕ್ಷೆಯಲ್ಲಿ ನನಗಾದದ್ದು ಕೇಳಿ. 180ಕ್ಕೆ 90 ಬಂದರೆ ಪಾಸ್, ನನಗೆ 101. ಆದರೂ ಫೇಲ್! ಪ್ರತಿ ವಿಭಾಗದಲ್ಲೂ ಅರವತ್ತಕ್ಕೆ 19 ಇರಲೇಬೇಕು, ನನಗೆ ಆಲಿಸುವ ವಿಭಾಗದಲ್ಲಿ 17. ಜುಲೈ ಬಿಟ್ಟರೆ ಡಿಸೆಂಬರ್, ಆರು ತಿಂಗಳು ಹೋಯಿತು. ಆ ಪರೀಕ್ಷೆಯಲ್ಲಿ ಮಾತನಾಡುವ ಭಾಗವೇ ಇಲ್ಲ. ಪಾಸಾಗಿ ಕಾರ್ಖಾನೆಗೆ ಸೇರಿದರೆ, ಮೇಲಧಿಕಾರಿಗೆ ಬಳಸುವ ಗೌರವದ ಕ್ರಿಯಾಪದಗಳೇ ಬೇರೆ.

ತುಮಕೂರು–ಬೆಂಗಳೂರು ರೈಲು: ಅವರು ಕೇಳಿದ್ದು ಜರ್ಮನಿ. ಜಪಾನಿಯ ಎರಡು ಸಾವಿರ ಕಾಂಜಿ ಲಿಪಿಚಿಹ್ನೆ ಬಾಯಿಪಾಠ ಮಾಡುವಷ್ಟರಲ್ಲಿ ಸಿ1 ಮುಗಿಯುತ್ತದೆ.

ನಗೋಯಾದ ದಾವಣಗೆರೆ: ಪದದ ಲಿಂಗ ಹೇಳುವ ನಿಮ್ಮ ದೇರ್, ದೀ, ದಾಸ್ ಬಾಯಿಪಾಠವಲ್ಲವೇ? ಚಮಚ ಪುಲ್ಲಿಂಗ, ಮುಳ್ಳುಚಮಚ ಸ್ತ್ರೀಲಿಂಗ, ಚಾಕು ನಪುಂಸಕಲಿಂಗ. ಯಾವ ನ್ಯಾಯ ಇದು?

ಆರನೇ ಸೆಮಿಸ್ಟರ್, ಹಾಸನ: ಎಲ್ಲರಿಗೂ ಧನ್ಯವಾದ. 7.4 ಸಾಕೇ ಎಂಬುದನ್ನು ಯಾರಾದರೂ ಹೇಳಬಹುದೇ?

ಮರಳಿ ಮಂಡ್ಯ: ಜರ್ಮನ್ ಅಂಕದಲ್ಲಿ 1 ಅತ್ಯುತ್ತಮ, ಕಡಿಮೆ ಇದ್ದಷ್ಟು ಒಳ್ಳೆಯದು. ನಿನ್ನದನ್ನು ಅದಕ್ಕೆ ಬದಲಿಸಲು ಹತ್ತರಲ್ಲಿ 7.4 ಕಳೆ, ಹತ್ತರಲ್ಲಿ ಪಾಸ್ ಅಂಕ ಕಳೆದು ಅದರಿಂದ ಭಾಗಿಸು, ಮೂರರಿಂದ ಗುಣಿಸಿ ಒಂದು ಕೂಡಿಸು. ಪಾಸ್ ಅಂಕ 4 ಎಂದರೆ 2.3. ಅನೇಕ ಕೋರ್ಸ್‌ಗಳು 2.5ರ ತನಕ ತೆಗೆದುಕೊಳ್ಳುತ್ತವೆ. ಸಾಕು.

ಸ್ಯಾಕ್ಸನಿಯಲ್ಲಿ ಹುಬ್ಬಳ್ಳಿಯವ: ಯಾರು ಹೇಳಿದ್ದು 4 ಎಂದು? ನನ್ನದಕ್ಕೆ 5 ಹಿಡಿದರು. ಹಾಗೆ ಲೆಕ್ಕ ಹಾಕಿದರೆ ಇವನದು 2.56, ಗಡಿ ದಾಟಿತು.

ತುಮಕೂರು–ಬೆಂಗಳೂರು ರೈಲು: ಎರಡನೇ ದಶಮಾಂಶವನ್ನು ಕತ್ತರಿಸುತ್ತಾರೆ. 2.5.

ಸ್ಯಾಕ್ಸನಿಯಲ್ಲಿ ಹುಬ್ಬಳ್ಳಿಯವ: ನನ್ನದನ್ನು ಕತ್ತರಿಸಲಿಲ್ಲ.