ಜೂನ್ 1ರೊಳಗೆ ತೀರ್ಮಾನ ಆಗಬೇಕು: ಯಾರದು ಯಾವ ಝೋನ್, ಯಾರು ಯಾರ ಮನೆಗೆ?

4ನೇ ಮನೆ, ಹಳ್ಳದ ಬೀದಿ
ನಮ್ಮ ಬೀದಿಗಳ ಗ್ರೂಪಿನ ಎಲ್ಲರಿಗೂ ನಮಸ್ಕಾರ. ಬರುವ ಭಾನುವಾರ ಜೂನ್ 1. ಹರಿಕೇನ್ ಸೀಸನ್, ಅಂದರೆ ಚಂಡಮಾರುತದ ಕಾಲ ಶುರು, ನವೆಂಬರ್ 30ರವರೆಗೂ ಇರುತ್ತದೆ. ಫ್ಲೋರಿಡಾದ ಈ ಟ್ಯಾಂಪಾಗೆ ಈ ವರ್ಷವೇ ಬಂದ ಮನೆಗಳು ನಾಲ್ಕಿವೆ. ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತಿದ್ದೇನೆ, ಬೇಜಾರು ಮಾಡಿಕೊಳ್ಳಬೇಡಿ.

2024ರಲ್ಲಿ ಎರಡೇ ವಾರದಲ್ಲಿ ಎರಡು ಚಂಡಮಾರುತ ಬಂದವು. ಸೆಪ್ಟೆಂಬರ್ 26ಕ್ಕೆ ಹೆಲೀನ್, ಅಕ್ಟೋಬರ್ 9ಕ್ಕೆ ಮಿಲ್ಟನ್. ನಾವು ಎರಡರಲ್ಲೂ ತಪ್ಪು ಮಾಡಿದೆವು. ಹೆಲೀನ್‌ಗೆ ಮನೆ ಬಿಡಬೇಕಿತ್ತು, ಕೂತೆವು. ಮಿಲ್ಟನ್‌ಗೆ ಐದು ಮೈಲಿ ಆಚೆ ಹೋದರೆ ಸಾಕಿತ್ತು, ಅಟ್ಲಾಂಟಾಗೆ ಹೊರಟೆವು. ಹದಿನಾರು ಗಂಟೆ ಕಾರಿನಲ್ಲಿ. ಪೆಟ್ರೋಲ್ ಬಂಕ್‌ಗಳಿಗೆಲ್ಲ ಖಾಲಿ ಅಂತ ಹಳದಿ ಚೀಲ ಕಟ್ಟಿದ್ದರು. ಮಗಳು ಹಿಂದಿನ ಸೀಟಿನಲ್ಲಿ ಒಣ ಅವಲಕ್ಕಿ ತಿನ್ನುತ್ತಾ ಅಳುತ್ತಿದ್ದಳು.

ಬುಧವಾರದೊಳಗೆ ಪ್ರತಿಯೊಬ್ಬರೂ ತಮ್ಮ ಝೋನ್ ಅಕ್ಷರ ಇಲ್ಲಿ ಹಾಕಿ. ಕೌಂಟಿಯ ವೆಬ್‌ಸೈಟಿನಲ್ಲಿ ವಿಳಾಸ ಕೊಟ್ಟರೆ ಬರುತ್ತದೆ. ನಮ್ಮದು ಎ.

7ನೇ ಮನೆ
ನಮ್ಮದು ಎಕ್ಸ್. ಮನೆ ಕೊಳ್ಳುವಾಗ ಲೋನ್ ಪೇಪರಿನಲ್ಲೇ ಇತ್ತು. ಎಕ್ಸ್ ಅಂದರೆ ನಿಶ್ಚಿಂತೆ ಅಂತ ಏಜೆಂಟ್ ಹೇಳಿದ್ದರು.

4ನೇ ಮನೆ
ಅಣ್ಣ, ಅದು ಬೇರೆ ಲೆಕ್ಕ. ಎಕ್ಸ್, ಎಇ, ವಿಇ ಇವೆಲ್ಲ ಇನ್ಶೂರೆನ್ಸ್‌ನವರ ಪ್ರವಾಹ ನಕ್ಷೆಯ ಅಕ್ಷರ. ನಾನು ಕೇಳಿದ್ದು ಎವ್ಯಾಕ್ಯುಯೇಷನ್ ಝೋನ್, ಎ ಇಂದ ಇ ವರೆಗೆ. ಸಮುದ್ರದ ನೀರು ಉಕ್ಕಿ ಒಳಗೆ ನುಗ್ಗಿದರೆ ಯಾವ ಜಾಗ ಮೊದಲು ಮುಳುಗುತ್ತದೆ ಅಂತ ನೋಡಿ ಕೌಂಟಿಯವರು ಕೊಡುವುದು. ಒಂದರಲ್ಲಿ ಎಕ್ಸ್ ಇದ್ದು ಇನ್ನೊಂದರಲ್ಲಿ ಬಿ ಇರಬಹುದು. ಖಾಲಿ ಮಾಡಿ ಅಂತ ಆದೇಶ ಬರುವುದು ಎರಡನೆಯದರ ಮೇಲೆ.

7ನೇ ಮನೆ
ಈಗ ನೋಡಿದೆ. ಬಿ. ಮೂರು ವರ್ಷದಿಂದ ಸುಮ್ನೆ ನೆಮ್ಮದಿಯಾಗಿದ್ದೆ ನಾನು!

12ನೇ ಮನೆ
ಹೆಲೀನ್ ನಮ್ಮ ಕಡೆ ಬರಲೇ ಇಲ್ಲ ಅಲ್ವಾ? ಟಿವಿ ನಕ್ಷೆಯಲ್ಲಿ ಚಂಡಮಾರುತದ ದಾರಿ ಅಂತ ತೋರಿಸುವ ಕೋನ್‌ನಿಂದ ನಾವು ಹೊರಗಿದ್ದೆವು ಅಂತ ನೆನಪು. ಆದರೂ ನೀರು ಹೇಗೆ ಬಂತು ಅಂತ ನನಗೆ ಇನ್ನೂ ಅರ್ಥವಾಗಿಲ್ಲ.

31ನೇ ಮನೆ, ಮೇಲಿನ ಬೀದಿ
ಆ ಕೋನ್ ನೋಡಿಯೇ ಎಲ್ಲರೂ ಮೋಸಹೋಗುವುದು ಅಕ್ಕ. ಚಂಡಮಾರುತದ ನಡುಭಾಗ ಎಲ್ಲಿ ಹೋಗಬಹುದು ಅನ್ನುವುದಷ್ಟೇ ಅದರಲ್ಲಿರುತ್ತದೆ. ಗಾಳಿ, ಮಳೆ, ನೀರು ಎಷ್ಟು ದೂರ ಹರಡುತ್ತದೆ ಅಂತ ಹೇಳುವುದಿಲ್ಲ. ಹೆಲೀನ್ ನೆಲ ಮುಟ್ಟಿದ್ದು ಪೆರಿ ಊರಿನ ಹತ್ತಿರ, ನಮ್ಮಿಂದ ನೂರು ಮೈಲಿಗೂ ಜಾಸ್ತಿ ದೂರ. ಆದರೂ ಟ್ಯಾಂಪಾ ಕೊಲ್ಲಿಯಲ್ಲಿ ನೀರು ಆರಡಿಗೂ ಮೇಲೆ ಏರಿತು.

ಇಲ್ಲಿ ಗಾಳಿ ಗಡಿಯಾರದ ಮುಳ್ಳಿಗೆ ಎದುರು ಸುತ್ತುತ್ತದೆ. ಚಂಡಮಾರುತ ನಮ್ಮ ಪಶ್ಚಿಮಕ್ಕೆ ಹಾದುಹೋದರೆ ದಕ್ಷಿಣದ ಗಾಳಿ ನೀರನ್ನು ಕೊಲ್ಲಿಯೊಳಕ್ಕೆ ತಳ್ಳುತ್ತದೆ. ನಮ್ಮ ದಕ್ಷಿಣಕ್ಕೆ ಹಾದುಹೋದರೆ ನೆಲದ ಕಡೆಯಿಂದ ಬೀಸಿ ಹೊರಕ್ಕೆ ಎಳೆಯುತ್ತದೆ. 2022ರಲ್ಲಿ ಇಯಾನ್ ಬಂದಾಗ ಬೇಶೋರ್ ರಸ್ತೆ ಪಕ್ಕ ಕೊಲ್ಲಿಯ ತಳವೇ ಕಾಣುತ್ತಿತ್ತು, ಜನ ಇಳಿದು ಓಡಾಡಿದರು. ಮಿಲ್ಟನ್ ಕೂಡ ದಕ್ಷಿಣದ ಸಿಯೆಸ್ಟಾ ಕೀಯಲ್ಲಿ ನೆಲ ಮುಟ್ಟಿದ್ದರಿಂದ ಬಚಾವಾದೆವು. ಅದೇ ನಮ್ಮ ಉತ್ತರಕ್ಕೆ ಬಂದಿದ್ದರೆ? 1921ರಲ್ಲಿ ಹಾಗೇ ಆಗಿತ್ತು. ಟಾರ್ಪನ್ ಸ್ಪ್ರಿಂಗ್ಸ್ ಕಡೆ ಬಂತು, ಟ್ಯಾಂಪಾದಲ್ಲಿ ನೀರು ಹತ್ತಡಿ ದಾಟಿತು. ಆಗ ಈ ಮನೆಗಳೆಲ್ಲ ಎಲ್ಲಿದ್ದವು?

4ನೇ ಮನೆ
ನಮ್ಮ ಗ್ಯಾರೇಜ್ ಗೋಡೆಯಲ್ಲಿ ಹೆಲೀನ್ ಗೆರೆ ಇನ್ನೂ ಇದೆ. ವಾಷಿಂಗ್ ಮಷೀನಿನ ಗುಂಡಿಗಿಂತ ಎರಡು ಬೆರಳು ಕೆಳಗೆ. ಎರಡು ಸಲ ಬಣ್ಣ ಹೊಡೆದರೂ ಉಪ್ಪು ಆಚೆ ಬರುತ್ತದೆ, ಉಗುರಿನಲ್ಲಿ ಕೆರೆದರೆ ಪುಡಿ ಉದುರುತ್ತದೆ. ರಾತ್ರಿ ಹನ್ನೊಂದಕ್ಕೆ ಡ್ರೈವ್‌ವೇ ಒಣಗಿತ್ತು. ಒಂದು ಗಂಟೆಗೆ ಮಷೀನ್ ತೇಲುತ್ತಿತ್ತು.

ಮಾಮೂಲಿ ಮನೆ ಇನ್ಶೂರೆನ್ಸ್‌ನಲ್ಲಿ ಪ್ರವಾಹ ಸೇರುವುದಿಲ್ಲ, ಅದನ್ನು ಬೇರೆಯೇ ಮಾಡಿಸಬೇಕು. ಸರ್ಕಾರಿ ಪಾಲಿಸಿಯಾದರೆ ಜಾರಿಗೆ ಬರಲು ಸಾಮಾನ್ಯವಾಗಿ 30 ದಿನ. ನಾವು ಮಾಡಿಸಿರಲಿಲ್ಲ. ಅದರ ಬಗ್ಗೆ ಇನ್ನು ಕೇಳಬೇಡಿ.

18ನೇ ಮನೆ
ಹಳ್ಳದ ಬೀದಿ ಎ, ನಡುವಿನದು ಬಿ. ನಮ್ಮದು ಡಿ. 31ನೇ ಮನೆ ಯಾವ ಝೋನಿನಲ್ಲೂ ಇಲ್ಲ. ಮಧ್ಯೆ ಇರುವುದು ಒಂದೇ ದಿಬ್ಬ. ಹೀಗಿರುವಾಗ ಅಟ್ಲಾಂಟಾ ಯಾಕೆ? ನೀರಿನಿಂದ ಓಡಬೇಕು, ಗಾಳಿಯಿಂದ ಅಡಗಿಕೊಳ್ಳಬೇಕು ಅಂತ ಇಲ್ಲಿನವರು ಹೇಳುತ್ತಲೇ ಇರುತ್ತಾರೆ. ನಮ್ಮದು 2006ರ ಮನೆ, ಹೊಸ ಕಟ್ಟಡ ನಿಯಮದ ಪ್ರಕಾರ ಕಟ್ಟಿದ್ದು. ಕಿಟಕಿಗೆ ಶಟರ್ ಇದೆ. ಎರಡು ಮನೆಯವರು ಆರಾಮಾಗಿ ಮಲಗಬಹುದು.

9ನೇ ಮನೆ
ಅಕ್ಕ, ನಮ್ಮತ್ತೆ ತುಮಕೂರಿನಿಂದ ಬಂದಿದ್ದಾರೆ, ಅಕ್ಟೋಬರ್‌ವರೆಗೂ ಇರುತ್ತಾರೆ. ಇನ್ಸುಲಿನ್ ತಗೊಳ್ಳುತ್ತಾರೆ. ಕರೆಂಟ್ ಹೋದರೆ ಫ್ರಿಜ್ ಗತಿ? ಬೆಕ್ಕು ಬೇರೆ ಇದೆ.

18ನೇ ಮನೆ
ಬೆಕ್ಕೂ ಬರಲಿ. ನಮ್ಮ ನಾಯಿಯನ್ನು ಮೇಲಿನ ರೂಮಿಗೆ ಹಾಕುತ್ತೇನೆ. ಇನ್ಸುಲಿನ್‌ಗೆ ಒಂದು ಕೂಲರ್ ಬಾಕ್ಸ್ ಇಡೋಣ, ಆದರೆ ಐಸ್‌ಗೆ ನೇರ ತಗುಲಬಾರದು, ಟವೆಲ್ ಸುತ್ತಿ. ಅತ್ತೆಯವರ ಪಾಸ್‌ಪೋರ್ಟ್, ಔಷಧಿ ಚೀಟಿ, ಟ್ರಾವೆಲ್ ಇನ್ಶೂರೆನ್ಸ್ ಒಂದೇ ಜಿಪ್ ಕವರಿನಲ್ಲಿ ಹಾಕಿಡಿ.

22ನೇ ಮನೆ
ನನ್ನ ಹತ್ತಿರ ಜನರೇಟರ್ ಇದೆ. ಗ್ಯಾರೇಜಿನೊಳಗೆ ಹಾಕಿ ಅಂತ ಮಾತ್ರ ಯಾರೂ ಕೇಳಬೇಡಿ, ಬಾಗಿಲು ತೆರೆದಿಟ್ಟರೂ ಇಲ್ಲ. ಆ ಹೊಗೆಯಲ್ಲಿರುವ ವಿಷಾನಿಲಕ್ಕೆ ವಾಸನೆ ಇಲ್ಲ, ನಿದ್ದೆಯಲ್ಲೇ ಜೀವ ತೆಗೆಯುತ್ತದೆ. ಮನೆಯಿಂದ ಇಪ್ಪತ್ತು ಅಡಿ ಆಚೆಯೇ ಇಡುವುದು.

ಎಲೆಕ್ಟ್ರಿಕ್ ಕಾರು ಇರುವವರು ಮೊದಲೇ ಮೇಲಿನ ಬೀದಿಗೆ ತಂದು ನಿಲ್ಲಿಸಿ. ಉಪ್ಪುನೀರು ಹೊಕ್ಕ ಬ್ಯಾಟರಿಗೆ ಎಷ್ಟೋ ದಿನ ಬಿಟ್ಟೂ ಬೆಂಕಿ ಹತ್ತಬಹುದು.

12ನೇ ಮನೆ
ಒಲೆ? ನಮ್ಮದೆಲ್ಲ ಕರೆಂಟಿನ ಒಲೆ. ಮಿಲ್ಟನ್ ಆದಮೇಲೆ ಐದು ದಿನ ಕಾಫಿ ಇಲ್ಲ. ಎರಡು ಡಬ್ಬ ಇಡ್ಲಿ ಹಿಟ್ಟು ಉಕ್ಕಿ ಫ್ರಿಜ್ಜೆಲ್ಲ ಹುಳಿ ವಾಸನೆ.

31ನೇ ಮನೆ
ಕ್ಯಾಂಪಿಂಗ್ ಒಲೆ ನಮ್ಮಲ್ಲಿದೆ, ಹೊರಗಡೆ ಇಟ್ಟು ಕಾಫಿ ಮಾಡೋಣ. ನೀರು ಒಬ್ಬರಿಗೆ ದಿನಕ್ಕೆ ಒಂದು ಗ್ಯಾಲನ್ ಅಂತ ಲೆಕ್ಕ. ಈಗಿನಿಂದ ವಾರಕ್ಕೆ ಎರಡೆರಡು ಕ್ಯಾನ್ ತಂದಿಟ್ಟರೆ ಕೊನೆಗಳಿಗೆಯಲ್ಲಿ ಕ್ಯೂ ನಿಲ್ಲುವುದು ತಪ್ಪುತ್ತದೆ.

4ನೇ ಮನೆ
ಹಾಗಾದರೆ ಹೀಗೆ ಮಾಡೋಣ. 9 ಮತ್ತು 12, 18ನೇ ಮನೆಗೆ. ನಾವು 31ಕ್ಕೆ. 7ನೇ ಮನೆಯವರು 22ಕ್ಕೆ. ಎ ಝೋನಿಗೆ ಆದೇಶ ಬಂದ ದಿನವೇ ಹೊರಡುವುದು, ಬೆಳಕಿರುವಾಗಲೇ. ಇನ್ನೊಬ್ಬರು ಹೊರಟರಾ ಅಂತ ನೋಡುತ್ತಾ ಕೂರುವುದು ಬೇಡ. ಹೆಲೀನ್ ದಿನ ನಾವು ಅದನ್ನೇ ಮಾಡಿದ್ದು. ಪಕ್ಕದ ಮನೆಯ ಲೈಟ್ ಉರಿಯುತ್ತಿತ್ತು, ಅವರೂ ಇದ್ದಾರಲ್ಲ ಅಂದುಕೊಂಡೆವು. ಆಮೇಲೆ ಗೊತ್ತಾಯಿತು, ಅದು ಟೈಮರ್ ಲೈಟ್.

7ನೇ ಮನೆ
22ನೇ ಮನೆ ಅಣ್ಣ, ನಾನು ಗೊರಕೆ ಹೊಡೆಯುತ್ತೇನೆ. ಮೊದಲೇ ಹೇಳಿಬಿಡುತ್ತೇನೆ.

22ನೇ ಮನೆ
ಜನರೇಟರ್ ಸದ್ದಿನಲ್ಲಿ ಕೇಳಿಸುವುದಿಲ್ಲ ಬಿಡಿ.

18ನೇ ಮನೆ
9ನೇ ಮನೆಯವರ ಬೀಗದ ಕೈ ಬಂತು, ಅಡುಗೆಮನೆ ಮೊಳೆಗೆ ನೇತುಹಾಕಿದ್ದೇನೆ. ಅತ್ತೆಯವರು ಚಂಡಮಾರುತಕ್ಕೆ ಅಂತ ಒಂದು ಡಬ್ಬ ಚಟ್ನಿಪುಡಿ ಕೊಟ್ಟು ಕಳಿಸಿದ್ದಾರೆ. ಜೂನ್ ಬರುವುದರೊಳಗೆ ಅದು ಉಳಿಯುವ ಹಾಗೆ ಕಾಣುತ್ತಿಲ್ಲ.