ಗೇರುಬೀಜ ನಮ್ಮಲ್ಲೇ ಬೆಳೆಯುವಾಗ ಆಫ್ರಿಕಾದಿಂದ ತರಿಸುವುದೇಕೆ? ಬೀಜದ ರೇಟಿಗೂ ಗೋಡಂಬಿ ರೇಟಿಗೂ ಇಷ್ಟು ಅಂತರ ಯಾಕೆ?

ಸಂತೆಪೇಟೆ ಕೇಳಿದ ಪ್ರಶ್ನೆ

ದಕ್ಷಿಣ ಕನ್ನಡ, ಉಡುಪಿ, ಉತ್ತರ ಕನ್ನಡದ ಗುಡ್ಡಗಳಲ್ಲಿ ಗೇರುಮರ ಬೇಕಾದಷ್ಟಿದೆ. ಗೋವಾ, ಸಿಂಧುದುರ್ಗ, ಕೇರಳ, ಆಂಧ್ರ, ಒಡಿಶಾದಲ್ಲೂ ಬೆಳೆಯುತ್ತಾರೆ. ಆದರೂ ಐವರಿ ಕೋಸ್ಟ್, ತಾಂಜಾನಿಯಾದಿಂದ ಹಡಗುಗಟ್ಟಲೆ ಕಚ್ಚಾ ಬೀಜ ಬರುತ್ತದೆ ಎಂದು ಓದಿದೆ. ಇದು ಯಾಕೆ?

ಇನ್ನೊಂದು ಸಂಶಯ. ಬೀಜ ಕೆಜಿಗೆ 130 ರೂಪಾಯಿ ಎಂದಿಟ್ಟುಕೊಳ್ಳಿ. ಅಂಗಡಿಯಲ್ಲಿ ಗೋಡಂಬಿ 900 ಅಂತಾರೆ. ನಡುವಿನ 770 ರೂಪಾಯಿ ಯಾರ ಜೇಬಿಗೆ ಹೋಗುತ್ತದೆ? ವ್ಯವಹಾರ ಗೊತ್ತಿರುವವರು ಲೆಕ್ಕ ಸಮೇತ ಹೇಳಿದರೆ ಉಪಕಾರ.

ಪಣಂಬೂರು ಕಡಲು

ಮೊದಲ ಪ್ರಶ್ನೆಗೆ ಉತ್ತರ ಸರಳ. ನಮ್ಮ ಕಾರ್ಖಾನೆಗಳ ಹೊಟ್ಟೆ ದೊಡ್ಡದು, ನಮ್ಮ ಬೆಳೆ ಸಣ್ಣದು. ದೇಶದಲ್ಲಿ ವರ್ಷಕ್ಕೆ ಬೆಳೆಯುವ ಕಚ್ಚಾ ಬೀಜ 7ರಿಂದ 8 ಲಕ್ಷ ಟನ್ ಆಸುಪಾಸು. ಕೊಲ್ಲಂ, ಮಂಗಳೂರು, ಕಾರ್ಕಳ, ಕುಂದಾಪುರ, ಪಲಾಸ, ಪಣ್ರುಟಿ, ಗೋವಾ, ಕೊಂಕಣ ಎಲ್ಲ ಸೇರಿಸಿದರೆ ಒಡೆಯುವ ಸಾಮರ್ಥ್ಯ ಅದರ ಎರಡರಷ್ಟಿದೆ. ಜತೆಗೆ ಜಗತ್ತಿನಲ್ಲಿ ಅತಿ ಹೆಚ್ಚು ಗೋಡಂಬಿ ತಿನ್ನುವವರೂ ನಾವೇ.

ಎರಡನೆಯ ಕಾರಣ ಹಂಗಾಮು. ನಮ್ಮಲ್ಲಿ ಕೊಯ್ಲು ಫೆಬ್ರವರಿಯಿಂದ ಮೇ ತನಕ. ಪಶ್ಚಿಮ ಆಫ್ರಿಕಾದಲ್ಲೂ ಹೆಚ್ಚುಕಡಿಮೆ ಅದೇ ಸಮಯ, ಜೂನ್‌ವರೆಗೆ ಎಳೆಯುತ್ತದೆ. ಆದರೆ ತಾಂಜಾನಿಯಾ, ಮೊಜಾಂಬಿಕ್ ಭೂಮಧ್ಯರೇಖೆಯ ದಕ್ಷಿಣಕ್ಕಿವೆ. ಅಲ್ಲಿ ಅಕ್ಟೋಬರ್‌ನಿಂದ ಜನವರಿಯೊಳಗೆ ಕೊಯ್ಲು. ಕಾರ್ಖಾನೆ ವರ್ಷಪೂರ್ತಿ ಓಡಬೇಕಾದರೆ ಊರಿನ ಬೀಜ ಅರ್ಧ ವರ್ಷಕ್ಕೆ ಸಾಕು, ಉಳಿದದ್ದು ಹಡಗಿನಲ್ಲೇ ಬರಬೇಕು. ಕಾರ್ಖಾನೆ ನಿಂತರೆ ಸಿಪ್ಪೆ ತೆಗೆಯುವ, ಗ್ರೇಡ್ ಮಾಡುವ ಹೆಂಗಸರು ಬೇರೆ ಕೆಲಸಕ್ಕೆ ಹೋಗುತ್ತಾರೆ. ಅಂಥ ನುರಿತ ಕೈಗಳನ್ನು ಮತ್ತೆ ಕೂಡಿಸುವುದು ಸುಲಭವಲ್ಲ. ಆಮದಿನ ಬಗ್ಗೆ ಮಾತಾಡುವಾಗ ಇದನ್ನು ಎಲ್ಲರೂ ಮರೆಯುತ್ತಾರೆ.

ಖರೀದಿ ಕ್ರಮವೂ ದೇಶಕ್ಕೊಂದು. ತಾಂಜಾನಿಯಾದಲ್ಲಿ ರೈತರ ಬೀಜ ಸಹಕಾರ ಸಂಘಗಳ ಮೂಲಕ ಗೋದಾಮಿಗೆ ಬಂದು ಹರಾಜಾಗುತ್ತದೆ. ಐವರಿ ಕೋಸ್ಟ್‌ನಲ್ಲಿ ಹಂಗಾಮಿನ ಆರಂಭದಲ್ಲೇ ಸರ್ಕಾರ ರೈತನಿಗೆ ಕೊಡಬೇಕಾದ ಕನಿಷ್ಠ ಬೆಲೆ ಘೋಷಿಸುತ್ತದೆ. ಬೆನಿನ್ 2024ರ ಏಪ್ರಿಲ್‌ನಿಂದ ಕಚ್ಚಾ ಬೀಜದ ರಫ್ತನ್ನೇ ನಿಷೇಧಿಸಿದೆ, ತಿರುಳು ತೆಗೆಯುವ ಕೆಲಸ ತಮ್ಮಲ್ಲೇ ಆಗಲಿ ಎಂದು. ಅವರ ಜಾಗದಲ್ಲಿ ನಿಂತು ನೋಡಿದರೆ ಅದು ನ್ಯಾಯವೇ. ಆದರೆ ಕಚ್ಚಾ ಬೀಜವನ್ನೇ ನಂಬಿದ ನಮ್ಮ ಕಾರ್ಖಾನೆಗಳಿಗೆ ಅದರ ಬಿಸಿ ತಟ್ಟದೆ ಇರುವುದಿಲ್ಲ.

ಬೆಲೆಯ ಲೆಕ್ಕ ಇದೇ ವೇದಿಕೆಯ 'ಬೋರ್ಮಾ ಬಿಸಿ'ಯವರು ಹೇಳಲಿ. ಸ್ಥೂಲವಾಗಿ ಹೇಳುವುದಾದರೆ ಒಂದು ಕೆಜಿ ಬೀಜ ಒಡೆದರೆ 270 ಗ್ರಾಂ ತಿರುಳು.

ಬೋರ್ಮಾ ಬಿಸಿ

ಆ 270 ಗ್ರಾಂ ಕೆಂಪು ಒಳಸಿಪ್ಪೆ ಸಮೇತ ತೂಗಿದ್ದು, ಪಣಂಬೂರು ಸರ್. ಅಂಗಡಿಗೆ ಬರುವ ಬಿಳಿ ಗೋಡಂಬಿಯ ತೂಕ ಅದಲ್ಲ. 900ರ ಲೆಕ್ಕ ಎಲ್ಲರಿಗೂ ತಪ್ಪುವುದು ಇಲ್ಲೇ.

ಈ ವ್ಯಾಪಾರದಲ್ಲಿ ಬೀಜದ ರೇಟಿಗಿಂತ ಮೊದಲು ಕೇಳುವುದು 'ಔಟ್‌ಟರ್ನ್ ಎಷ್ಟು?' ಅಂತ. 80 ಕೆಜಿ ಮೂಟೆಯಿಂದ ಎಷ್ಟು ಪೌಂಡ್ ತಿರುಳು ಬರುತ್ತದೆ ಎಂಬುದೇ ಔಟ್‌ಟರ್ನ್. ಪರೀಕ್ಷೆ ಹೀಗೆ: ಬೇರೆಬೇರೆ ಮೂಟೆಗಳಿಂದ, ಮೇಲೆ, ನಡು, ತಳ ಮೂರೂ ಕಡೆಯಿಂದ ಬೀಜ ತೆಗೆದು ಬೆರೆಸಿ, ಸರಿಯಾಗಿ 1 ಕೆಜಿ ತೂಗಬೇಕು. ಮೊದಲು ಎಣಿಸಬೇಕು. ಕೆಜಿಗೆ ಎಷ್ಟು ಬೀಜವೋ ಅದು 'ಕೌಂಟ್'. 180 ಬಂದರೆ ದಪ್ಪ ಬೀಜ, 220 ಬಂದರೆ ಸಣ್ಣದು. ಆಮೇಲೆ ಒಂದೊಂದನ್ನೇ ಉದ್ದುದ್ದಕ್ಕೆ ಸೀಳಿ ತಿರುಳನ್ನು ವಿಂಗಡಿಸಬೇಕು. ದಂತದ ಬಣ್ಣದ ತುಂಬಿದ ತಿರುಳು ಒಂದು ಗುಡ್ಡೆ. ಚುಕ್ಕಿ ಬಿದ್ದದ್ದು, ಸುಕ್ಕುಗಟ್ಟಿದ್ದು, ಎಳೆಯದು ಇನ್ನೊಂದು ಗುಡ್ಡೆ. ಜೊಳ್ಳು, ಬೂಷ್ಟು, ಹುಳು ತಿಂದದ್ದು, ಎಣ್ಣೆ ಇಳಿದು ಕಂದಾದದ್ದು ಲೆಕ್ಕಕ್ಕಿಲ್ಲ.

ಒಳ್ಳೆಯ ತಿರುಳು 262 ಗ್ರಾಂ, ಚುಕ್ಕಿಯದು 16 ಗ್ರಾಂ ಬಂತು ಎನ್ನಿ. ಚುಕ್ಕಿಯದಕ್ಕೆ ಅರ್ಧ ತೂಕ ಮಾತ್ರ ಹಿಡಿಯುತ್ತಾರೆ. 262ಕ್ಕೆ 8 ಕೂಡಿಸಿದರೆ 270. ಕೆಜಿಗೆ ಇಷ್ಟು ಗ್ರಾಂ ಎಂಬುದನ್ನು 80 ಕೆಜಿ ಮೂಟೆಗೆ ಇಷ್ಟು ಪೌಂಡ್ ಎಂದು ಬದಲಿಸಲು ಅದನ್ನು 0.1764ರಿಂದ ಗುಣಿಸಿದರೆ 47.6 ಪೌಂಡ್. ಪಶ್ಚಿಮ ಆಫ್ರಿಕಾದ ಸಾಧಾರಣ ಮಾಲು ಇದರ ಆಸುಪಾಸು ಇರುತ್ತದೆ. ಗಿನಿ ಬಿಸಾವ್ ಮಾಲು 50 ದಾಟುತ್ತದೆ, ಅದಕ್ಕೇ ಅದಕ್ಕೆ ರೇಟು ಜಾಸ್ತಿ.

ಈಗ ಹಣದ ಲೆಕ್ಕ. 47.6 ಪೌಂಡ್ ಅಂದರೆ ಮೂಟೆಗೆ 21.6 ಕೆಜಿ. ಬೋರ್ಮಾದಲ್ಲಿ, ಅಂದರೆ ಬಿಸಿಗಾಳಿಯ ಕೋಣೆಯಲ್ಲಿ, ತೇವ ಆರಿ, ಕೆಂಪು ಸಿಪ್ಪೆ ಹೋದರೆ ಇನ್ನೊಂದು ಶೇ 12ರಷ್ಟು ಇಳಿಯುತ್ತದೆ. ಕೈಗೆ ಸಿಗುವುದು 19 ಕೆಜಿ. ಅಂದರೆ 1 ಕೆಜಿ ಗೋಡಂಬಿಗೆ 4.2 ಕೆಜಿ ಬೀಜ. ನೀವು ಹೇಳಿದ 130ರ ರೇಟಿನಲ್ಲಿ ಬೀಜದ ಖರ್ಚೇ 546 ರೂಪಾಯಿ ಆಯಿತು. ನಡುವೆ ಇರುವುದು 770 ಅಲ್ಲ, ಸುಮಾರು 350. ಅದರಲ್ಲಿ ಶೇ 5 ಜಿಎಸ್‌ಟಿ, ಅಂಗಡಿ ಮತ್ತು ಸಗಟಿನವರ ಪಾಲು, ಸಾಗಾಣಿಕೆ, ಪ್ಯಾಕಿಂಗ್ ಕಳೆಯಿರಿ.

ಆ 19 ಕೆಜಿ ಎಲ್ಲವೂ ಒಂದೇ ರೇಟಿಗೆ ಹೋಗುವುದಿಲ್ಲ, ನಿಜವಾದ ಆಟ ಇರುವುದು ಇದರಲ್ಲಿ. ಉದಾಹರಣೆಗೆ ಇಡಿ ಗೋಡಂಬಿ ಕಾರ್ಖಾನೆ ಬಾಗಿಲಲ್ಲಿ 750, ಹೋಳು ತುಂಡು ಸರಾಸರಿ 560 ಎಂದು ಹಿಡಿಯಿರಿ. ಶೇ 70 ಇಡಿ ಬಂದರೆ ಮೂಟೆಗೆ ಸುಮಾರು 13,170 ರೂಪಾಯಿ. ಬೀಜಕ್ಕೆ ಕೊಟ್ಟ 10,400 ಕಳೆದರೆ 2,770. ಕೂಲಿ, ಬಾಯ್ಲರ್ ಸೌದೆ, ಕರೆಂಟು, ಬ್ಯಾಂಕ್ ಬಡ್ಡಿ ಎಲ್ಲ ಇದರಲ್ಲೇ. ಇಡಿ ಶೇ 60ಕ್ಕೆ ಇಳಿದರೆ ಅದೇ ಮೂಟೆಯಲ್ಲಿ 360 ರೂಪಾಯಿ ಹೋಯಿತು. ಆದ್ದರಿಂದಲೇ ಒಂದು ಕಾರ್ಖಾನೆ ನಿಲ್ಲುವುದೂ ಬೀಳುವುದೂ ತುಂಡಾಗದಂತೆ ಒಡೆಯುವುದರ ಮೇಲೆ.

ತುಂಡಾಗುವುದು ಎಲ್ಲೆಲ್ಲಿ ಎಂದು ಹೇಳುತ್ತೇನೆ. ಬೀಜವನ್ನು ಮೊದಲು ಅಂಗಳದಲ್ಲಿ ಎರಡು ಮೂರು ದಿನ ಒಣಗಿಸಿ, ಗಾತ್ರಕ್ಕೆ ತಕ್ಕಂತೆ ಜರಡಿಯಲ್ಲಿ ಬೇರ್ಪಡಿಸುತ್ತಾರೆ. ಗಾತ್ರ ಬೆರೆತಿದ್ದರೆ ಹಬೆಯಲ್ಲಿ ಸಣ್ಣದು ಅತಿಯಾಗಿ ಬೇಯುತ್ತದೆ, ದೊಡ್ಡದು ಹಸಿ ಉಳಿಯುತ್ತದೆ. ಕಟಿಂಗ್ ಯಂತ್ರದ ಬ್ಲೇಡೂ ಒಂದು ಗಾತ್ರಕ್ಕೆ ಹೊಂದಿಸಿದ್ದು. ಬೇರೆ ಗಾತ್ರ ಬಂದರೆ ಬ್ಲೇಡು ತಿರುಳನ್ನೇ ಸೀಳುತ್ತದೆ. ಬೇಯಿಸಿದ ಮೇಲೆ ಒಂದು ರಾತ್ರಿಯಾದರೂ ಹರಡಿ ಆರಲು ಬಿಡಬೇಕು. ಬಿಸಿಯಲ್ಲೇ ಕೊಯ್ದರೆ ಚಿಪ್ಪಿನ ಎಣ್ಣೆ ತಿರುಳಿಗೆ ಹತ್ತಿ ಕಲೆ ನಿಲ್ಲುತ್ತದೆ. ಆ ಎಣ್ಣೆ ಕೈಗೆ ತಾಗಿದರೂ ಚರ್ಮ ಸುಡುತ್ತದೆ. ಹಾಗಾಗಿ ಕಟಿಂಗ್‌ನವರು ಕೈಗೆ ಎಣ್ಣೆಯನ್ನೋ ಬೂದಿಯನ್ನೋ ಹಚ್ಚಿಕೊಳ್ಳುತ್ತಾರೆ. ಗ್ಲೌಸ್ ಕೊಡದೆ ಈ ಕೆಲಸ ಮಾಡಿಸುವುದನ್ನು ಯಾವ ಲೆಕ್ಕದಲ್ಲೂ ಒಪ್ಪಲಾಗದು.

ಬೋರ್ಮಾ ಎಂದರೆ ಟ್ರೇ ಜೋಡಿಸಿದ ಬಿಸಿಗಾಳಿಯ ಕೋಣೆ. 70 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಆರೆಂಟು ಗಂಟೆ. ಟ್ರೇಗಳನ್ನು ನಡುನಡುವೆ ಮೇಲೆ ಕೆಳಗೆ ಬದಲಿಸದಿದ್ದರೆ ತಳದವು ಕಂದುತ್ತವೆ, ಮೇಲಿನವುಗಳ ಸಿಪ್ಪೆ ಬಿಡುವುದಿಲ್ಲ. ಕಡಿಮೆ ಒಣಗಿದರೆ ಸಿಪ್ಪೆ ಅಂಟಿಕೊಂಡು ಚಾಕು ತಾಗಿ ಗಾಯವಾಗುತ್ತದೆ. ಹೆಚ್ಚು ಒಣಗಿದರೆ ಮುಟ್ಟಿದರೆ ಹೋಳು. ಸಿಪ್ಪೆ ತೆಗೆದ ಮೇಲೆ ಸ್ವಲ್ಪ ತೇವ ಹೀರಿಸಿ, ಶೇ 5 ಮೀರದಂತೆ ನೋಡಿಕೊಂಡು, 11.34 ಕೆಜಿ ಟಿನ್‌ಗೆ ತುಂಬಿ, ಗಾಳಿ ಹೊರತೆಗೆದು ಇಂಗಾಲದ ಡೈಆಕ್ಸೈಡ್ ಅಥವಾ ನೈಟ್ರೋಜನ್ ಹಾಕಿ ಮುಚ್ಚುತ್ತಾರೆ. 11.34 ಅನ್ನುವ ವಿಚಿತ್ರ ಅಂಕಿ 25 ಪೌಂಡಿನದು.

ಸಂತೆಪೇಟೆ

ಇಷ್ಟು ವಿವರವಾಗಿ ಬರೆದದ್ದಕ್ಕೆ ಇಬ್ಬರಿಗೂ ಧನ್ಯವಾದ. 4.2 ಕೆಜಿಯ ಲೆಕ್ಕ ಕಣ್ಣು ತೆರೆಸಿತು. ಮತ್ತೆ ಎರಡು ಸಂಶಯ. ಬೀಜ ಸಾಲದಿದ್ದರೆ ನಾವೇ ಹೆಚ್ಚು ಬೆಳೆಯಬಾರದೇ? ವಿಯೆಟ್ನಾಂ ಕೂಡ ಆಫ್ರಿಕಾದಿಂದಲೇ ಬೀಜ ತರಿಸುತ್ತದಂತೆ. ಹಾಗಿದ್ದರೂ ರಫ್ತಿನಲ್ಲಿ ಅವರು ಮುಂದೆ ಹೋದದ್ದು ಹೇಗೆ?

ಕಸಿಗಿಡ

ಬೆಳೆಯ ಬಗ್ಗೆ ನಾನು ಹೇಳುತ್ತೇನೆ. ದೇಶದಲ್ಲಿ ಗೇರು ಇರುವ ನೆಲ 11 ಲಕ್ಷ ಹೆಕ್ಟೇರಿಗೂ ಹೆಚ್ಚು. ನೆಲಕ್ಕೆ ಕೊರತೆಯಿಲ್ಲ, ಇಳುವರಿಗೆ ಕೊರತೆ. ಭಾಗಿಸಿ ನೋಡಿದರೆ ಹೆಕ್ಟೇರಿಗೆ 700 ಕೆಜಿ ಬೀಳುವುದೂ ಕಷ್ಟ. ಹಳೆಯ ತೋಪುಗಳು ಬೀಜ ಬಿತ್ತಿ ಬೆಳೆಸಿದವು, ಒಂದು ಮರದ ಹಾಗೆ ಇನ್ನೊಂದಿಲ್ಲ. ಬೇರೇನೂ ಬಾರದ ಮುರಕಲ್ಲು ಗುಡ್ಡಕ್ಕೆ ಗೇರು ಎಂಬ ರೂಢಿ, ಗೊಬ್ಬರ ಕಾಣದ ಮರಗಳೇ ಹೆಚ್ಚು.

ಪುತ್ತೂರಿನ ಗೇರು ಸಂಶೋಧನಾ ನಿರ್ದೇಶನಾಲಯ 1986ರಿಂದ ಇದರ ಮೇಲೆಯೇ ಕೆಲಸ ಮಾಡುತ್ತಿದೆ. ಅವರ 'ಭಾಸ್ಕರ' ತಳಿಯ ಬೀಜ ಸುಮಾರು 7.4 ಗ್ರಾಂ ತೂಗುತ್ತದೆ. 'ನೇತ್ರಾ ಜಂಬೋ-1' ಇನ್ನೂ ದೊಡ್ಡದು. ಬೋರ್ಮಾ ಬಿಸಿಯವರ ಕೌಂಟ್ ಲೆಕ್ಕಕ್ಕೆ ಹಾಕಿ ನೋಡಿ: 7.4 ಗ್ರಾಂ ಅಂದರೆ ಕೆಜಿಗೆ 135 ಬೀಜ. ಆಮದಾಗುವ 190 ಕೌಂಟಿನ ಮಾಲಿಗೂ ಇದಕ್ಕೂ ಎಷ್ಟು ಅಂತರ!

7.5 ಮೀಟರ್ ಅಂತರದಲ್ಲಿ ಎಕರೆಗೆ 70ರ ಸುಮಾರು ಕಸಿ ಗಿಡ ಹಿಡಿಯುತ್ತದೆ. ನೆಡುವಾಗ ಕಸಿಯ ಗಂಟು ಮಣ್ಣಿನ ಮೇಲೆಯೇ ಇರಬೇಕು. ಗಂಟಿಗೆ ಸುತ್ತಿದ ಪ್ಲಾಸ್ಟಿಕ್ ಪಟ್ಟಿ ಬಿಚ್ಚಲು ಮರೆಯಬಾರದು, ಮರೆತರೆ ಗಿಡ ದಪ್ಪವಾದ ಹಾಗೆ ಅಲ್ಲೇ ಕತ್ತು ಹಿಸುಕಿದಂತಾಗಿ ಗಾಳಿಗೆ ಮುರಿಯುತ್ತದೆ. ಗಂಟಿನ ಕೆಳಗಿನಿಂದ ಬರುವ ಚಿಗುರನ್ನು ಚಿವುಟುತ್ತಲೇ ಇರಬೇಕು. ಬಿಟ್ಟರೆ ಮೇಲಿನ ಕಸಿ ಸೊರಗಿ, ಮೂರು ವರ್ಷದ ಮೇಲೆ ನೋಡಿದರೆ ಮರವಾಗಿರುವುದು ಕೆಳಗಿನ ಕಾಡು ಗಿಡ.

ದೊಡ್ಡ ಶತ್ರು ಟೀ ಸೊಳ್ಳೆ ಎಂಬ ಕೀಟ. ಚಿಗುರು, ಹೂ, ಎಳೆ ಕಾಯಿ, ಮೂರು ಹಂತದಲ್ಲೂ ರಸ ಹೀರುತ್ತದೆ. ಹೂಗೊಂಚಲು ಸುಟ್ಟಂತೆ ಕಪ್ಪಾಗಿ ಒಣಗಿದರೆ ಅದು ಬಿಸಿಲಲ್ಲ, ಇದರದೇ ಕೆಲಸ. ಒಂದು ತೋಟದವರು ಸಿಂಪಡಿಸಿ ಪಕ್ಕದವರು ಬಿಟ್ಟರೆ ಪ್ರಯೋಜನ ಕಡಿಮೆ. ಬೇರು ಕೊರೆಯುವ ಹುಳು ಇನ್ನೊಂದು. ಬುಡದಲ್ಲಿ ಅಂಟು ಸೋರಿ, ನಾರಿನಂಥ ಹಿಕ್ಕೆ ಕಂಡ ಕೂಡಲೇ ತೊಗಟೆ ಕೆತ್ತಿ ಹುಳು ತೆಗೆಯಬೇಕು. ಎಲೆ ಹಳದಿಯಾಗುವ ತನಕ ಕಾದರೆ ಮರ ಹೋದಂತೆಯೇ.

ಮತ್ತೆ, ಹಣ್ಣು ಉದುರುವ ಮೊದಲೇ ಕಿತ್ತರೆ ತಿರುಳು ತುಂಬಿರುವುದಿಲ್ಲ. ರೇಟು ಇದೆ ಎಂದು ಎಳೆಯದನ್ನು ಕೀಳುವುದರಿಂದ ಊರ ಬೀಜದ ಔಟ್‌ಟರ್ನ್ ಕೆಡುತ್ತದೆ, ಮುಂದಿನ ವಾರ ವ್ಯಾಪಾರಿ ಎಲ್ಲರಿಗೂ ರೇಟು ಇಳಿಸುತ್ತಾನೆ.

ಪಣಂಬೂರು ಕಡಲು

270 ಗ್ರಾಂ ತಿದ್ದಿದ್ದು ಸರಿ, ಒಪ್ಪಿದೆ.

ವಿಯೆಟ್ನಾಂ 2006ರ ಹೊತ್ತಿಗೆ ತಿರುಳಿನ ರಫ್ತಿನಲ್ಲಿ ನಮ್ಮನ್ನು ದಾಟಿತು. ಅವರು ಒಡೆಯುವುದನ್ನೂ ಸಿಪ್ಪೆ ತೆಗೆಯುವುದನ್ನೂ ಬೇಗನೆ ಯಂತ್ರಕ್ಕೆ ಹಾಕಿದರು. ನಮ್ಮಲ್ಲಿ, ಅದರಲ್ಲೂ ಕೊಲ್ಲಂನಲ್ಲಿ, ಕೈಕೆಲಸವೇ ನಡೆದುಬಂತು. ಕೈಯಲ್ಲಿ ತೆಗೆದ ಗೋಡಂಬಿಯ ಅಂದ ಬೇರೆಯೇ, ಆದರೆ ಕೂಲಿ ಏರಿದಂತೆ ಲೆಕ್ಕ ಕೂಡಲಿಲ್ಲ. ಅವರಿಗೆ ಪಕ್ಕದ ಕಾಂಬೋಡಿಯಾದ ಬೀಜವೂ ಹತ್ತಿರ. ಇನ್ನೊಂದು ಮಾತು, ನಮ್ಮ ಕಾರ್ಖಾನೆಗಳಿಗೆ ಮನೆಯಲ್ಲೇ ಮಾರುಕಟ್ಟೆ ಇದೆ. ಅಮೆರಿಕ, ಯುರೋಪಿಗೆ ಮುಖ್ಯವಾಗಿ ಇಡಿ ಗೋಡಂಬಿ ಬೇಕು. ಇಲ್ಲಿ ಕಾಜು ಕತ್ಲಿಗೆ, ಗ್ರೇವಿಗೆ, ಪಾಯಸಕ್ಕೆ ಹೋಳು ತುಂಡೂ ಖಾಲಿಯಾಗುತ್ತದೆ. ರಫ್ತು ಕುಗ್ಗಿದ್ದನ್ನು ಪೂರ್ತಿ ಸೋಲು ಎನ್ನಲು ನಾನು ಸಿದ್ಧನಿಲ್ಲ.

ಸುಂಕದ ನೀತಿಯೂ ಹೀಗೇ ಇದೆ: ಬೀಜ ಬರಲಿ, ಒಡೆದ ತಿರುಳು ಬಾರದಿರಲಿ. ಕಚ್ಚಾ ಬೀಜದ ಆಮದು ಸುಂಕವನ್ನು 2018ರ ಬಜೆಟ್ ಶೇ 5ರಿಂದ 2.5ಕ್ಕೆ ಇಳಿಸಿತು. ತಿರುಳಿನ ಸುಂಕವನ್ನು 2019ರಲ್ಲಿ ಶೇ 45ರಿಂದ 70ಕ್ಕೆ ಏರಿಸಿದರು. ಅದೇ ವರ್ಷ ತುಂಡಿಗೆ ಕೆಜಿಗೆ 680, ಇಡಿಗೆ 720 ರೂಪಾಯಿ ಕನಿಷ್ಠ ಆಮದು ಬೆಲೆ ಎಂದೂ ಮಾಡಿದರು.

ಆಮದಿನಲ್ಲಿ ನಿಜವಾಗಿ ಕೈಸುಡುವುದು ತೇವ. ಮಳೆ ಬರುವ ಮೊದಲು ತುಂಬಬೇಕು ಎಂಬ ಅವಸರದಲ್ಲಿ ಸರಿಯಾಗಿ ಒಣಗದ ಬೀಜ ಕಂಟೇನರ್ ಸೇರುತ್ತದೆ. ಹಗಲು ಕಾದ ತಗಡು ರಾತ್ರಿ ತಣ್ಣಗಾದಾಗ ಒಳಗೆ ಬೆವರಿ, ಮೇಲಿನ ಮೂಟೆಗಳ ಮೇಲೆ ಹನಿ ಬೀಳುತ್ತದೆ. ಗೋಡೆಗೆ ಕ್ರಾಫ್ಟ್ ಕಾಗದ ಹೊದಿಸಿ, ತೇವ ಹೀರುವ ಚೀಲ ತೂಗುಹಾಕದಿದ್ದರೆ ಇಲ್ಲಿ ಬಾಗಿಲು ತೆರೆದ ಕೂಡಲೇ ಬೂಷ್ಟು ವಾಸನೆ. ಅಲ್ಲಿ 47.6 ಇದ್ದ ಔಟ್‌ಟರ್ನ್ ಇಲ್ಲಿಗೆ ಬರುವಾಗ 45.6 ಆಯಿತು ಎನ್ನಿ. ಮೇಲಿನ ರೇಟುಗಳಲ್ಲೇ ಮೂಟೆಗೆ 550 ರೂಪಾಯಿ ನಷ್ಟ. 16 ಟನ್ ಮಾಲಿಗೆ 200 ಮೂಟೆ, ಒಂದು ಲಕ್ಷದ ಹತ್ತು ಸಾವಿರ. ಕರಾರಿನಲ್ಲಿ ಔಟ್‌ಟರ್ನ್ ಎಷ್ಟಕ್ಕೆ ಇಳಿದರೆ ಎಷ್ಟು ಕಡಿತ, ಎಷ್ಟಕ್ಕಿಂತ ಕೆಳಗಾದರೆ ಮಾಲು ವಾಪಸ್, ಯಾವ ಬಂದರಿನ ಪರೀಕ್ಷೆ ಅಂತಿಮ ಎಂಬ ಮೂರನ್ನೂ ಬರೆದಿರಬೇಕು. ಮೂರನೆಯದನ್ನು ಬಿಟ್ಟವರೇ ಹೆಚ್ಚು ಪೆಟ್ಟು ತಿನ್ನುವುದು.

ಬೋರ್ಮಾ ಬಿಸಿ

ಸಂತೆಪೇಟೆಯವರೇ, ಕೊಳ್ಳುವಾಗ ನಿಮಗೆ ಉಪಯೋಗವಾಗುವ ಒಂದು ವಿಷಯ. ಡಬ್ಲ್ಯೂ 320, ಡಬ್ಲ್ಯೂ 240, ಡಬ್ಲ್ಯೂ 180 ಅನ್ನುವ ಅಂಕಿ ಒಂದು ಪೌಂಡಿಗೆ, ಅಂದರೆ 454 ಗ್ರಾಮಿಗೆ, ಗರಿಷ್ಠ ಎಷ್ಟು ಗೋಡಂಬಿ ಎಂಬುದು. ಅಂಕಿ ಸಣ್ಣದಾದಷ್ಟೂ ಕಾಳು ದಪ್ಪ, ರೇಟು ಜಾಸ್ತಿ. 250 ಗ್ರಾಂ ಪ್ಯಾಕೆಟ್ ಬಿಚ್ಚಿ ಎಣಿಸಿ: 320 ಆದರೆ 165ರಿಂದ 176 ಕಾಳು, 240 ಆದರೆ 121ರಿಂದ 132, 180 ಆದರೆ 99 ಮೀರಬಾರದು. 240 ಎಂದು ಬರೆದ ಪ್ಯಾಕೆಟ್‌ನಲ್ಲಿ 170 ಕಾಳು ಸಿಕ್ಕರೆ ನೀವು 320ಕ್ಕೆ 240ರ ದುಡ್ಡು ಕೊಟ್ಟಿದ್ದೀರಿ.

ಪಾಯಸಕ್ಕೆ, ಕತ್ಲಿಗೆ ಹೋಳೇ ತನ್ನಿ. ರುಚಿ ಒಂದೇ, ಒಡೆದದ್ದಕ್ಕೆ ಮಾತ್ರ ರೇಟು ಕಡಿಮೆ. ಮುರಿದಾಗ 'ಟಕ್' ಎನ್ನದೆ ಬಾಗಿದರೆ ತೇವ ಹೀರಿದೆ, ಹಾಗಿದ್ದರೆ ಬೇಡ.