35 ವರ್ಷಗಳ ಬೀಡಿ ಬಿಡಿಸುವುದು ಹೇಗೆ?

ಪ್ರಶ್ನೆ: ನಮ್ಮ ತಂದೆಯವರಿಗೆ 61 ವರ್ಷ, 35 ವರ್ಷಗಳಿಂದ ಬೀಡಿ ಸೇದುತ್ತಿದ್ದಾರೆ. ಈ ವರ್ಷ ಮೂರು ಸಲ ಬಿಟ್ಟರಾದರೂ, ಪ್ರತಿ ಸಲವೂ ನಾಲ್ಕನೆಯ ದಿನ ಕಾಫಿ ಲೋಟ ಹಿಡಿದೊಡನೆ ಇನ್ನೊಂದು ಕೈ ತಾನಾಗಿ ಜೇಬಿಗೆ ಹೋಗುತ್ತದೆ. ಅಮ್ಮ ಇದನ್ನು ಮನೋದೌರ್ಬಲ್ಯವೆನ್ನುತ್ತಾರೆ. ನಾನೇನು ಮಾಡಬಹುದು?

ಉತ್ತರ 1: ದೌರ್ಬಲ್ಯವೆನ್ನುವುದು ಅನ್ಯಾಯ. ತಂಬಾಕಿನಲ್ಲಿರುವ ಚಟ ಹಿಡಿಸುವ ವಸ್ತುವಾದ ನಿಕೋಟಿನ್ ಕೆಲವೇ ಸೆಕೆಂಡುಗಳಲ್ಲಿ ಮಿದುಳನ್ನು ತಲುಪಿ, ಹಿತವೆನಿಸುವ ಡೋಪಮೈನ್ ಎಂಬ ರಾಸಾಯನಿಕವನ್ನು ಹೊಮ್ಮಿಸುತ್ತದೆ. ದಶಕಗಳ ಕಾಲ ಇದಕ್ಕೆ ಒಗ್ಗಿದ ಮಿದುಳು, ಅದು ಸಿಗದಿದ್ದಾಗ ಸಿಡುಕು, ಚಡಪಡಿಕೆ, ನಿದ್ರಾಭಂಗಗಳ ಮೂಲಕ ಪ್ರತಿಭಟಿಸುತ್ತದೆ. ಮೊದಲ ವಾರವೇ ಅತಿ ಕಠಿಣ. ಸಾಮಾನ್ಯವಾಗಿ ಎರಡರಿಂದ ನಾಲ್ಕು ವಾರಗಳಲ್ಲಿ ಈ ತೊಂದರೆಗಳು ತಗ್ಗುತ್ತವೆ. ಅಷ್ಟು ದಿನ ಕಾಫಿಯ ಜಾಗವನ್ನಾದರೂ ಬದಲಾಯಿಸಿ.

ಉತ್ತರ 2: ನಾನು ನಿಕೋಟಿನ್ ಗಮ್ (ಬೀಡಿಯ ಬದಲು ಸ್ವಲ್ಪ ನಿಕೋಟಿನ್ ಕೊಡುವ, ಜಗಿಯುವ ಔಷಧ) ಬಳಸಿ ಬಿಟ್ಟವನು. ಮೊದಮೊದಲು ಅದನ್ನು ಬಬಲ್ ಗಮ್‌ನಂತೆ ಜಗಿದು ಬಿಕ್ಕಳಿಕೆ ಬರಿಸಿಕೊಂಡು, ಪ್ರಯೋಜನವಿಲ್ಲವೆಂದು ಎಸೆದಿದ್ದೆ. ನಿಧಾನವಾಗಿ ಜಗಿದು, ಖಾರವೆನಿಸಿದೊಡನೆ ಕೆನ್ನೆ ಮತ್ತು ಒಸಡಿನ ನಡುವೆ ಇರಿಸಿಕೊಂಡು, ಖಾರ ತಗ್ಗಿದ ಮೇಲೆ ಮತ್ತೆ ಜಗಿಯಬೇಕು. ಕಾಫಿ ಕುಡಿದ 15 ನಿಮಿಷದೊಳಗೆ ಬೇಡ, ಬಾಯಿ ಆಮ್ಲೀಯವಾಗಿದ್ದರೆ ನಿಕೋಟಿನ್ ಸರಿಯಾಗಿ ಹೀರಿಕೆಯಾಗುವುದಿಲ್ಲ. ಎದ್ದ 30 ನಿಮಿಷದೊಳಗೆ ಮೊದಲ ಬೀಡಿ ಹಚ್ಚುವವರಿಗೆ 2 ಮಿ.ಗ್ರಾಂ. ಗಮ್ ಸಾಲದೆ 4 ಮಿ.ಗ್ರಾಂ. ಗಮ್ ಬೇಕಾಗಬಹುದು; ಹೃದ್ರೋಗವಿದ್ದರೆ ಮೊದಲು ವೈದ್ಯರನ್ನು ಕೇಳಿ.

ಉತ್ತರ 3: ತಂಬಾಕು ಬಿಡಲು 1800-11-2356 ಎಂಬ ರಾಷ್ಟ್ರೀಯ ಉಚಿತ ಸಹಾಯವಾಣಿಯಿದೆ. ಆದರೆ ಕರೆ ಅವರೇ ಮಾಡಲಿ. ಮಗ ಮಾಡಿಸಿದ ಕರೆಯಲ್ಲಿ ಅಪ್ಪಂದಿರು ‘ಹೂಂ’ ಎನ್ನುವುದಷ್ಟೇ.

ಪ್ರಶ್ನೆ ಕೇಳಿದವರು: ಎದ್ದ ಹತ್ತು ನಿಮಿಷಕ್ಕೇ ಹಚ್ಚುತ್ತಾರೆ. ನಾಳೆ ವೈದ್ಯರಲ್ಲಿಗೆ ಹೋಗುತ್ತಿದ್ದೇವೆ, ಅಮ್ಮನೂ ಬರುತ್ತಾರೆ.